ಬಲಕ್ಕ ಹೊಳ್ರಿ ಅನ್ನಬೇಕೋ, ಬಡಗಲಕ್ಕ ಅನ್ನಬೇಕೋ, ಗುಡಿ ಬಾಜೂಕ ಅನ್ನಬೇಕೋ? ದಾರಿ ಹೇಳೋರಿಗೊಂದು ಹೋಲಿಕೆ

ಕಲಬುರಗಿ ಒಳಗ ಯಾರಿಗಾದ್ರೂ ಮನಿ ದಾರಿ ಹೇಳ್ಬೇಕಂದ್ರ ನಮ್ಮ ಹತ್ರ ನಾಕೈದು ಉಪಾಯ ಅವ. "ಬಲಕ್ಕ ಹೊಳ್ರಿ" ಅಂತೀವಿ, "ಬಡಗಲ ಕಡಿ ಬರ್ರಿ" ಅಂತೀವಿ, "ಹನುಮಪ್ಪನ ಗುಡಿ ಬಾಜೂಕ" ಅಂತೀವಿ, ಯಾವುದೂ ಆಗ್ಲಿಲ್ಲಂದ್ರ ಸುಮ್ನ ವಾಟ್ಸಾಪ್ ಒಳಗ ಲೊಕೇಶನ್ ಒಗೀತೀವಿ. ಎಲ್ಲಾ ಒಂದೇ ಅನಿಸ್ತದ ಖರೆ, ಆದ್ರ ಒಂದೊಂದೂ ಒಂದೊಂದು ಕಡಿ ಕೈ ಕೊಡ್ತದ, ಅದರಾಗ ಎಲ್ಲಕ್ಕಿಂತ ಜಾಸ್ತಿ ಕೈ ಕೊಡೋದು ಈ ಬಲ-ಎಡ. ಯಾಕಂದ್ರ ಅದು ಭಾಳ ಸಲೀಸು, ಹೇಳೋನಿಗೂ ಅರ್ಥ ಆಗ್ಯದ ಅನಿಸ್ತದ, ಕೇಳೋನಿಗೂ ಅನಿಸ್ತದ, ಇಬ್ಬರ ತಲಿಯೊಳಗ ಮಾತ್ರ ಬ್ಯಾರೆ ಬ್ಯಾರೆ ಬಲ ಇರ್ತದ.

ಅವಸರ ಇದ್ದೋರಿಗೆ ಮೊದಲೇ ಹೇಳಿಬಿಡ್ತೀನಿ. ಫೋನ್ ಹಿಡಕೊಂಡು ನಡಕೋತ ಬರಾಕತ್ತೋರಿಗೆ ಬಲ-ಎಡ ಚಲೋ. ಲಗ್ನಪತ್ರಿಕಿ ಮ್ಯಾಲ, ಅಂಗಡಿ ಬೋರ್ಡಿನ ಮ್ಯಾಲ, ನಾಕೂ ಕಡಿಯಿಂದ ಬರೋ ಮಂದಿ ಓದೋದರ ಮ್ಯಾಲ ಬಲ-ಎಡ ಬರೀಬ್ಯಾಡ್ರಿ, ಗುರುತು ಬರೀರಿ. ಹೊಲ, ಪ್ಲಾಟು, ಮನಿ ಕಟ್ಟೋದು, ಇವಕ್ಕೆಲ್ಲಾ ದಿಕ್ಕೇ ಬೇಕು. ಕಣ್ಣು, ಕಾಲು, ಕಿಡ್ನಿ ಅಂದ್ರ ರೋಗಿಯ ಬಲ ಒಂದೇ ಲೆಕ್ಕ. ಇನ್ನ ಯಾಕ ಅಂತ ಬೇಕಾದೋರು ಮುಂದ ಓದ್ರಿ.

ಪೂರ್ವ ಪಶ್ಚಿಮ ಭೂಮಿಗೆ ಅಂಟಿಕೊಂಡಾವ, ನೀವು ಕುಂತ್ರೂ ಮಲಗಿದ್ರೂ ಹೊಳ್ಳಿದ್ರೂ ಅವು ಇದ್ದಲ್ಲೇ ಇರ್ತಾವ. ಬಲ ಮೈಗೆ ಅಂಟಿಕೊಂಡದ, ನೀವು ಹೊಳ್ಳಿದ್ರ ಅದೂ ನಿಮ್ಮ ಸಂಗಾಟ ಹೊಳ್ಳತದ. ಇನ್ನೊಂದು ಮಜಾ ಏನಂದ್ರ ಬಲ ಅನ್ನೋದು ತಾನಾಗೇ ಹುಟ್ಟೋದಿಲ್ಲ, ಮೊದಲು ತಲಿ ಯಾವ ಕಡಿ ಅದ, ಮುಖ ಯಾವ ಕಡಿ ಅದ ಅಂತ ಗೊತ್ತಾಗ್ಬೇಕು, ಇವೆರಡೂ ಫಿಕ್ಸ್ ಆದ ಮ್ಯಾಲೇ ಬಲ ಸಿಗೋದು. ಅದಕ್ಕೇ ನೋಡ್ರಿ ಮೂರು ವರ್ಷದ ಹುಡುಗರಿಗೆ ಮ್ಯಾಲ-ಕೆಳಗ, ಹಿಂದ-ಮುಂದ ಲಗೂನೇ ಬರ್ತದ, ಬಲ-ಎಡಕ್ಕ ಮಾತ್ರ ಆರೇಳು ವರ್ಷ ಹಿಡೀತದ, ಅದೂ ತನ್ನ ಮೈದು ಮಾತ್ರ. ಎದುರಿಗಿ ನಿಂತೋರ ಬಲಗೈ ಯಾವುದು ಅಂತ ತಪ್ಪದಂಗ ಹೇಳಾಕ ಅದರ ಮ್ಯಾಲ ಇನ್ನೂ ಒಂದೆರಡು ವರ್ಷ ಬೇಕು. ನಾವು ಎಲ್ಲರೂ "ಉಣ್ಣೋ ಕೈ ಯಾವುದು?" ಅಂತ ಕೇಳೇ ಕಲಿಸ್ತೀವಿ, ಅದೇ ಚಲೋ ಉಪಾಯ, ಎಡಗೈಲೆ ಉಣ್ಣೋ ಕೂಸಿಗೆ ಮಾತ್ರ ಅದು ನಡ್ಯಂಗಿಲ್ಲ, ಅಂಥ ಕೂಸಿಗೆ ಬಲಗೈಗೊಂದು ದಾರ ಕಟ್ಟಿ ಕಲಿಸ್ರಿ.

ಕನ್ನಡಿ ಬಲ-ಎಡ ಅದಲು ಬದಲು ಮಾಡ್ತದ ಅಂತಾರಲ, ಅದನ್ನೂ ಇಲ್ಲೇ ಮುಗಿಸಿಬಿಡೋಣ. ಪೂರ್ವಕ್ಕ ಮುಖ ಮಾಡಿ ಕನ್ನಡಿ ಮುಂದ ನಿಂದ್ರಿ, ಬಲಗೈ ಎತ್ರಿ. ನಿಮ್ಮ ಕೈ ದಕ್ಷಿಣದ ಕಡಿ ಅದ, ಕನ್ನಡಿ ಒಳಗಿನ ಕೈನೂ ದಕ್ಷಿಣದ ಕಡಿನೇ ಅದ, ಅದಲು ಬದಲು ಆಗಿದ್ದು ಮುಖ, ನಿಮ್ಮದು ಪೂರ್ವಕ್ಕ ಇದ್ರ ಅದರದು ಪಶ್ಚಿಮಕ್ಕ. ಮುಖ ಹೊಳ್ಳಿದ್ದಕ್ಕ ನಮ್ಮ ತಲಿ ಅದನ್ನ ಇನ್ನೊಬ್ಬ ಮನುಷ್ಯಾ ಅಂತ ತಿಳಕೊಂಡು "ಅವನ ಎಡಗೈ" ಅಂತ ಲೆಕ್ಕ ಹಾಕ್ತದ. ವಿಡಿಯೋ ಕಾಲ್ ಒಳಗ ಇದೇ ಕಿರಿಕಿರಿ. ನಿಮ್ಮ ಮುಖ ನಿಮಗ ಕನ್ನಡಿಯಂಗ ಕಾಣ್ತದ, ಆ ಕಡಿಯೋರಿಗೆ ಸರಿಯಾಗಿ ಕಾಣ್ತದ, ಅದಕ್ಕ ಸ್ಕ್ರೀನಿನ ಮ್ಯಾಲ ಬೊಟ್ಟು ತೋರ್ಸಿ "ಈ ಕಡಿ" ಅನ್ನೋದು ದಂಡ.

ಈಗ ಮೊದಲನೇ ಉಪಾಯ, ಬರೋರ ಬಲ. ಇದರ ದೊಡ್ಡ ಫಾಯ್ದೆ ಅಂದ್ರ ಹೊಸಬನಿಗೆ ಊರು ಗೊತ್ತಿರೋದು ಬೇಕಿಲ್ಲ, ಸೂರ್ಯ ಎಲ್ಲಿ ಹುಟ್ಟತಾನ ಅಂತನೂ ಗೊತ್ತಿರಬೇಕಾಗಿಲ್ಲ, ಮೈ ಒಂದಿದ್ರ ಸಾಕು. ಆದ್ರ ಅವ ಎಲ್ಲಿಂದ ಬರಾಕತ್ಯಾನ ಅನ್ನೋದು ನಿಮಗ ಪಕ್ಕಾ ಗೊತ್ತಿರ್ಬೇಕು. ಬೀದರ್ ನೋಡ್ರಿ, ಚೌಬಾರಾ ಅಂದ್ರ ನಾಕು ದಾರಿ ಕೂಡೋ ಜಾಗ, ನಡುವ ಗುಂಡಗಿನ ಗೋಪುರ, ಅದಕ್ಕ ಮುಂದು-ಹಿಂದು ಇಲ್ಲ, ನಾಕೂ ಕಡಿಯಿಂದ ಒಂದೇ ನಮೂನಿ ಕಾಣ್ತದ. ಅಲ್ಲಿ ನಿಂತೋನಿಗೆ ಫೋನಿನಾಗ "ಚೌಬಾರಾ ಹತ್ರ ಬಲಕ್ಕ ಹೊಳ್ರಿ" ಅಂದ್ರ ಅವ ಯಾವ ದಾರಿಯಿಂದ ಬಂದಾನ ಅನ್ನೋದರ ಮ್ಯಾಲ ನಾಕು ಊರಿಗಿ ನಾಕು ಬಲ. ಅದೇ "ಚೌಬಾರಾಕ್ಕ ಬೆನ್ನು ಹಾಕಿ ಕಿಲ್ಲಾ ಕಡಿ ಮುಖ ಮಾಡಿ ನಿಂದ್ರಿ, ಈಗ ನಿಮ್ಮ ಬಲಕ್ಕ" ಅಂದ್ರ ತಪ್ಪಾಕ ಜಾಗನೇ ಇಲ್ಲ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಚಲೋ ಪದ್ಧತಿ, ಮೊದಲು ಬೆನ್ನು ಯಾವುದಕ್ಕ ಮುಖ ಯಾವುದಕ್ಕ ಅಂತ ಹೇಳಿ ಆಮ್ಯಾಲ ಬಲ ಹೇಳೋದು. ಮಹಮೂದ್ ಗವಾನ್ ಮದರಸಾ ಚೌಬಾರಾದಿಂದ ಕಿಲ್ಲಾಕ್ಕ ಹೋಗೋ ದಾರಿ ಮ್ಯಾಲೇ ಅದ, ಹೋಗೋವಾಗ ಒಂದು ಕೈಗಿ ಸಿಗ್ತದ, ಬರೋವಾಗ ಇನ್ನೊಂದು ಕೈಗಿ, ಕಿಲ್ಲಾ ನೋಡಿ ವಾಪಸ್ ಬರೋರಿಗೆ ಹೋಗೋವಾಗಿನ ಕೈ ಹೇಳಿದ್ರ 1472ರಾಗ ಕಟ್ಟಿದ ಅಷ್ಟು ದೊಡ್ಡ ಕಟ್ಟಡನೂ ಹುಡುಕೋ ಪಾಳಿ ಬರ್ತದ.

ನಮ್ಮ ಕಲಬುರಗಿ ರಿಂಗ್ ರೋಡಿಗೆ ಬಲ ಭಾಳ ಕೆಲಸಕ್ಕ ಬರ್ತದ. ಹುಮನಾಬಾದ್ ರೋಡಿಂದ ರಿಂಗ್ ರೋಡ್ ಹಿಡಿದು ಸೇಡಂ ರೋಡಿಗೆ ಬಂದ್ರ ಊರು ನಿಮ್ಮ ಬಲಕ್ಕ ಇರ್ತದ, ಹಂಗೇ ಮುಂದುವರಿದು ಜೇವರ್ಗಿ ರೋಡ್, ಆಳಂದ ರೋಡ್ ತನಕ ಬಂದ್ರೂ ಊರು ಬಲಕ್ಕೇ. ಉಲ್ಟಾ ಸುತ್ತಿದ್ರ ಎಡಕ್ಕ. ಪ್ರದಕ್ಷಿಣಿ ಹಾಕೋವಾಗ ದೇವರು ಬಲಕ್ಕ ಇರ್ತಾನಲ್ರಿ, ಅದೇ ಲೆಕ್ಕ, ಮತ್ತ ನಮ್ಮ ದೇಶದಾಗ ಎಡಕ್ಕ ಗಾಡಿ ಹೊಡೀತೀವಿ ಅಂದ ಮ್ಯಾಲ ಸರ್ಕಲ್ ಸುತ್ತೋದೂ ಹಂಗೇ, ಸರ್ಕಲಿನ ಕಟ್ಟಿ ಯಾವಾಗ್ಲೂ ಡ್ರೈವರಿನ ಬಲಗೈಗಿ. ಜಗತ್ ಸರ್ಕಲ್ ಒಳಗ ಗಾಡಿ ತಗೊಂಡು ಬಲಕ್ಕ ಹೋಗಬೇಕಾದೋನಿಗೆ ಬರೇ "ಬಲಕ್ಕ" ಅಂದ್ರ ಹೊಸಾ ಡ್ರೈವರ್ ಕಟ್ಟಿ ಮುಂದೇ ಕಚಕ್ಕನ ಸ್ಟೀರಿಂಗ್ ಹೊಳ್ಳಿಸ್ತಾನ. "ಸರ್ಕಲ್ ಮುಕ್ಕಾಲು ಸುತ್ತಿ ಹೊರಗ ಬರ್ರಿ" ಅನ್ನೋದು ಚಲೋ.

ಇನ್ನೊಂದು ನಮ್ಮ ಕಡಿಯ ಸ್ಪೆಷಲ್ ತೊಂದ್ರಿ. ಆಟೋದಾಗ ಅರ್ಧ ಮಾತು ದಖ್ಖನಿ ಉರ್ದು, ಅದರಾಗ "ಸೀಧೇ ಹಾಥ್ ಕು" ಅಂದ್ರ ಬಲಕ್ಕ, "ಉಲ್ಟೇ ಹಾಥ್ ಕು" ಅಂದ್ರ ಎಡಕ್ಕ. ಬೆಂಗಳೂರಿಂದ ಬಂದೋರು ಬರೇ "ಸೀದಾ" ಕೇಳಿಸಿಕೊಂಡು ನೆಟ್ಟಗ ಹೋಗಿಬಿಡ್ತಾರ. ನೆಂಟರು ಬರೋರಿದ್ರ ಇದೊಂದು ಮೊದಲೇ ಹೇಳಿಟ್ಟಿರ್ರಿ, ಕೈ ಅಂತ ಬಂದ್ರ ಹೊಳ್ಳೋದು, ಬರೇ ಸೀದಾ ಅಂದ್ರ ಹೊಳ್ಳಬ್ಯಾಡ.

ಎರಡನೇದು ದಿಕ್ಕು. ಹಳ್ಳಿಯೊಳಗ ಇದಕ್ಕಿಂತ ಚಲೋದು ಯಾವುದೂ ಇಲ್ಲ. ನಮ್ಮ ಕಡಿ ಹಿರಿಯರು ಹೊಲದಾಗ ಇದ್ದಾಗ ಬಲ-ಎಡ ಅನ್ನೋದೇ ಕಮ್ಮಿ, "ಮೂಡಲ ಬದುವಿಗಿ ತೊಗರಿ ಹಾಕೀವಿ, ಪಡುವಲ ಕಡಿ ಜೋಳ" ಅಂತಾರ, ಮನಿಯೊಳಗೂ "ಬಡಗಲ ಗ್ವಾಡಿ" ಅಂತಾರ. ಹೊಲದ ಖರೀದಿ ಪತ್ರ ತಗದು ನೋಡ್ರಿ, ಚಕ್ಕುಬಂದಿ ಅಂತ ಬರೀತಾರಲ, ಪೂರ್ವಕ್ಕ ಯಾರ ಹೊಲ, ಪಶ್ಚಿಮಕ್ಕ ಹಳ್ಳ, ಉತ್ತರಕ್ಕ ದಾರಿ, ದಕ್ಷಿಣಕ್ಕ ಸರ್ವೆ ನಂಬರ್ ಇಂತಿಷ್ಟು. ಅದರಾಗ ಎಲ್ಲೂ ಬಲಕ್ಕ ಎಡಕ್ಕ ಅಂತ ಇರಂಗಿಲ್ಲ, ಇರಾಕೂ ಬರಂಗಿಲ್ಲ, ಯಾಕಂದ್ರ ಹೊಲಕ್ಕ ಮುಖ ಇಲ್ಲ, ಮತ್ತ ಬರೆದೋನು ಸತ್ತ ಮ್ಯಾಲೂ ಆ ಕಾಗದ ಮಾತಾಡ್ಬೇಕು. ಕೋರ್ಟಿನಾಗ "ಯಾರ ಬಲ?" ಅಂತ ಶುರುವಾದ್ರ ಮುಗೀತು ಕಥಿ. ಮನಿ ಕಟ್ಟೋರೂ ಹಂಗೇ, ಅಡಗಿ ಮನಿ ಆಗ್ನೇಯಕ್ಕ ಅಂತಾರ, ಈಸ್ಟ್ ಫೇಸಿಂಗ್ ಪ್ಲಾಟ್ ಅಂತಾರ, ಗೌಂಡಿಗೆ "ಬಲಗಡಿ ರೂಮು" ಅಂತ ಹೇಳಿ ಊರಿಗಿ ಹೋದ್ರ ಅವ ಬಾಗಿಲದಾಗ ಒಳಗ ನೋಡ್ಕೋತ ನಿಂತಾನೋ ಹೊರಗ ನೋಡ್ಕೋತ ನಿಂತಾನೋ ದೇವರಿಗೇ ಗೊತ್ತು.

ಇಡೀ ಬದುಕೇ ದಿಕ್ಕಿನ ಮ್ಯಾಲ ನಡಸೋ ಮಂದಿನೂ ಇದ್ದಾರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರದಾಗ ಗೂಗು ಯಿಮಿದಿರ್ ಅಂತ ಒಂದು ಭಾಷಾ ಅದ, ಆ ಮಂದಿ ಸಾಮಾನು ಎಲ್ಲೈತಿ ಅಂತ ಹೇಳಾಕ ಬಲ-ಎಡ ಬಳಸಂಗೇ ಇಲ್ಲ, ನಿನ್ನ ಕಾಲಿನ ಹತ್ರ ಇರುವಿ ಅದ ಅನ್ನಬೇಕಂದ್ರೂ ಉತ್ತರದ ಕಾಲು ದಕ್ಷಿಣದ ಕಾಲು ಅಂತಾರ. ಜಾನ್ ಹ್ಯಾವಿಲ್ಯಾಂಡ್, ಸ್ಟೀಫನ್ ಲೆವಿನ್ಸನ್ ಅನ್ನೋ ಸಂಶೋಧಕರು ಇದರ ಮ್ಯಾಲ ಭಾಳ ಕೆಲಸ ಮಾಡ್ಯಾರ. ಅಂಥ ಒಂದು ಪರೀಕ್ಷಾ ನೀವು ಮನ್ಯಾಗೇ ಮಾಡಬಹುದು. ಟೇಬಲ್ ಮ್ಯಾಲ ಒಂದು ಚಹಾ ಕಪ್ಪಿಡ್ರಿ, ಅದರ ಬಲಕ್ಕ ಬಿಸ್ಕೀಟ್ ಪುಡಿಕಿ ಇಡ್ರಿ, ಯಾರಿಗಾದ್ರೂ ನೋಡಾಕ ಹೇಳ್ರಿ, ಆಮ್ಯಾಲ ಅವರನ್ನ ಪೂರ್ತಿ ಹಿಂದಕ್ಕ ಹೊಳ್ಳಿಸಿ ಇನ್ನೊಂದು ಟೇಬಲ್ ಮ್ಯಾಲ "ಹಂಗೇ ಇಡ್ರಿ" ಅನ್ರಿ. ನಾವು ನೀವು ಬಿಸ್ಕೀಟನ್ನ ಮತ್ತ ಬಲಕ್ಕೇ ಇಡ್ತೀವಿ. ಆ ಮಂದಿ ಮೊದಲು ಅದು ದಕ್ಷಿಣಕ್ಕ ಇದ್ರ ಈಗಲೂ ದಕ್ಷಿಣಕ್ಕೇ ಇಡ್ತಾರ, ಅಂದ್ರ ಈಗ ಅವರ ಎಡಗೈ ಕಡಿ. ಇಬ್ಬರೂ "ಹಂಗೇ" ಇಟ್ಟಾರ, ಜಗಳ ಇಲ್ಲ.

ದಿಕ್ಕಿನ ತೊಂದ್ರಿ ಅಂದ್ರ ಅದು ಹೊಸಾ ಊರಾಗ ಹೋಗಿ ಬಸ್ಸಿಂದ ಇಳಿದೋನಿಗೆ ಗೊತ್ತಾಗಂಗಿಲ್ಲ, ರಾತ್ರಿ ಅಂತೂ ಬಿಡ್ರಿ. ಬಿಸಿಲು ನೋಡಿ ಹೇಳ್ತೀನಿ ಅನ್ನೋರಿಗೂ ಒಂದು ಮಾತು. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದ ಥೋಡೆ ಮ್ಯಾಲ ಅದ, ಅದಕ್ಕ ಮೇ ತಿಂಗಳ ಎರಡನೇ ವಾರದ ಸುಮಾರು ಮಧ್ಯಾಹ್ನ ಸೂರ್ಯ ಸೀದಾ ನೆತ್ತಿ ಮ್ಯಾಲ ಬರ್ತಾನ, ನೆರಳು ಕಾಲ ಕೆಳಗ ಸೇರ್ತದ, ಅಲ್ಲಿಂದ ಆಗಸ್ಟ್ ಮೊದಲನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರ್ತಾನ. "ಮಧ್ಯಾಹ್ನ ನೆರಳು ಬಿದ್ದ ಕಡಿ ಉತ್ತರ" ಅಂತ ಸಾಲ್ಯಾಗ ಕಲಿತಿದ್ದು ಆ ಮೂರು ತಿಂಗಳು ನಮ್ಮ ಊರಿಗಿ ಉಲ್ಟಾ ಹೊಡೀತದ. ಮುಂಜಾನಿ ಸಂಜಿ ಆದ್ರ ನಡೀತದ.

ಗುರುತು ಹೇಳೋದು ಎಲ್ಲರಿಗೂ ಗೊತ್ತಿರೋದು, ಜಾಸ್ತಿ ಬರ್ಯಂಗಿಲ್ಲ. ಒಂದೇ ಒಂದು ಲಕ್ಷ್ಯ ಇರ್ಲಿ, ಗುರುತಿಗೆ ಮುಖ ಅದನೋ ಇಲ್ಲೋ ನೋಡ್ರಿ. ಬೇವಿನ ಗಿಡಕ್ಕ ಮುಖ ಇಲ್ಲ, "ಗಿಡದ ಬಲಕ್ಕ" ಅಂದ್ರ ನೋಡೋರ ಬಲ, ಅದರಾಗ ಅನುಮಾನ ಇಲ್ಲ. ಗುಡಿಗೆ ಮುಖ ಅದ. "ಗುಡಿ ಬಲಕ್ಕ" ಅಂದ್ರ ದೇವರ ಬಲಗೈ ಕಡಿನೋ, ಕೈ ಮುಗಿಯಾಕ ನಿಂತೋರ ಬಲಗೈ ಕಡಿನೋ? ಪೂಜಾರಪ್ಪ ಒಂದು ಹೇಳ್ತಾನ, ಆಟೋದೋನು ಒಂದು ಹೇಳ್ತಾನ, ಇಬ್ಬರೂ ಸರಿ. ಬೀದರಿನ ಆ ಮದರಸಾದ್ದೂ ಇದೇ ಕಥಿ, ಮುಂದ ಎರಡು ಮಿನಾರ್ ಇದ್ವು, ಈಗ ಒಂದು ಉಳದದ, ಎದುರಿಗಿ ನಿಂತು ನೋಡಿದ್ರ ಅದು ನಿಮ್ಮ ಯಾವ ಕೈ ಕಡಿ ಕಾಣ್ತದೋ ಕಟ್ಟಡಕ್ಕ ಅದು ಇನ್ನೊಂದು ಕೈ, ಯಾಕಂದ್ರ ಅದು ನಿಮ್ಮ ಕಡಿ ಮುಖ ಮಾಡಿ ನಿಂತದ. ಮುಖ ಇರೋ ಗುರುತಿಗೆ "ಬಾಜೂಕ" ಅಂತನೂ ಸಾಲಂಗಿಲ್ಲ, "ಗುಡಿಗೆ ಮುಖ ಮಾಡಿ ನಿಂತ್ರ ನಿಮ್ಮ ಬಲಕ್ಕ" ಅಂತ ಪೂರ್ತಿ ಹೇಳ್ರಿ.

ಕೆಲವಕ್ಕ ತಮ್ಮದೇ ಒಂದು ಬಲ ಇರ್ತದ, ನೋಡೋರು ಯಾರಾದ್ರೂ ಇರ್ಲಿ, ಅದು ಬದಲಾಗಂಗಿಲ್ಲ. ಯಾದಗಿರಿ ಕಡಿಯೋರಿಗೆ ದಿನಾ ಬಾಯಾಗ ಇರೋದು ನಾರಾಯಣಪುರ ಎಡದಂಡೆ ಕಾಲುವೆ. ಎಡ ಅಂದ್ರ ಯಾರ ಎಡ? ನದಿದು. ನೀರು ಹರಿದು ಹೋಗೋ ಕಡಿ ಮುಖ ಮಾಡಿ ನಿಂತ್ರ ಎಡಗೈ ಕಡಿ ಯಾವುದೋ ಅದು ಎಡದಂಡಿ, ಇದು ಲೋಕದಾಗ ಎಲ್ಲಾ ನದಿಗೂ ಒಂದೇ ನಿಯಮ. ಕೃಷ್ಣಾ ಇಲ್ಲಿ ಪಶ್ಚಿಮದಿಂದ ಪೂರ್ವಕ್ಕ ಹರೀತದ, ಹಂಗಾಗಿ ಎಡದಂಡಿ ಉತ್ತರಕ್ಕ ಬರ್ತದ, ಸುರಪುರ, ಶಹಾಪುರದ ಹೊಲಗೋಳು ಆ ಕಾಲುವಿ ನೀರು ಕುಡೀತಾವ, ಬಲದಂಡಿ ಕಾಲುವಿ ರಾಯಚೂರು ಜಿಲ್ಲಾದ ಕಡಿ ಹೋಗ್ತದ. ಶಹಾಪುರದಿಂದ ದಕ್ಷಿಣಕ್ಕ ನದಿ ನೋಡ್ಕೋತ ನಿಂತೋನಿಗೆ ನಾರಾಯಣಪುರ ಡ್ಯಾಮು ಬಲಗೈ ಕಡಿ ಇರ್ತದ, ಆದ್ರೂ ಅವ ಇರೋದು ಎಡದಂಡ್ಯಾಗ. ಇದು ಒಮ್ಮೆ ತಲ್ಯಾಗ ಕುಂತ್ರ ಮತ್ತ ತಪ್ಪಂಗಿಲ್ಲ. ಹಡಗಿನೋರದೂ ಇದೇ ಪದ್ಧತಿ, ಹಡಗಿನ ಮೂತಿ ಕಡಿ ಮುಖ ಮಾಡಿದ್ರ ಬಲಕ್ಕ ಹಸಿರು ದೀಪ, ಎಡಕ್ಕ ಕೆಂಪು, ಕತ್ತಲಿಯೊಳಗೂ ಎದುರಿನ ಹಡಗು ಬರಾಕತ್ತದೋ ಹೋಗಾಕತ್ತದೋ ಬಣ್ಣದ ಮ್ಯಾಲೇ ತಿಳೀತದ.

ಬಸ್ಸಿಗೂ ಹಂಗೇ ಸ್ವಂತ ಬಲ ಅದ, ಅದಕ್ಕ "ಡ್ರೈವರ್ ಬಾಜು" ಅಂದ್ರ ಎಲ್ಲರಿಗೂ ಗೊತ್ತಾಗ್ತದ. ಬ್ಯಾಸಿಗ್ಯಾಗ ಸೀಟು ಹಿಡಿಯೋರಿಗೆ ಇದು ಭಾಳ ಕೆಲಸದ್ದು. ಕಲಬುರಗಿಯಿಂದ ಬೀದರ್ ಈಶಾನ್ಯಕ್ಕ ಅದ, ಮಧ್ಯಾಹ್ನ ಮ್ಯಾಲ ಹೊಂಟ್ರ ಪಡುವಲ ಬಿಸಿಲು ಎಡಗಡಿ ಕಿಟಕಿಗೆ ಹೊಡೀತದ, ಡ್ರೈವರ್ ಬಾಜು ಕುಂದರ್ರಿ. ಮರುದಿನ ಮುಂಜಾನಿ ವಾಪಸ್ ಬರೋವಾಗ ದಿಕ್ಕೂ ಉಲ್ಟಾ ಸೂರ್ಯನೂ ಉಲ್ಟಾ, ಅದಕ್ಕ ಮತ್ತ ಎಡಗಡಿಗೇ ಬಿಸಿಲು, ಮತ್ತ ಡ್ರೈವರ್ ಬಾಜೂನೇ ಚಲೋ. ಯಾದಗಿರಿಗೆ ಮಧ್ಯಾಹ್ನ ಹೊಂಟ್ರ ಮಾತ್ರ ಬಸ್ಸು ದಕ್ಷಿಣದ ಕಡಿ ಹೋಗ್ತದ, ಬಿಸಿಲು ಬಲಕ್ಕ ಬೀಳ್ತದ, ಬಾಗಿಲ ಕಡಿ ಕುಂದರ್ರಿ. ರೈಲಿನಾಗ ಈ ಲೆಕ್ಕ ಹಾಕೋವಾಗ ನಿಮ್ಮ ಸೀಟು ಹಿಂದಕ್ಕ ಮುಖ ಮಾಡಿದ್ದು ಇರಬಹುದು, ಬಂಡಿಯ ಬಲ ನಿಮ್ಮ ಎಡ ಆಗಿರ್ತದ.

ಈಗ ದವಾಖಾನಿ ಮಾತು, ಇದರಾಗ ಚೌಕಾಶಿ ಇಲ್ಲ. ವೈದ್ಯಕೀಯದಾಗ ಬಲ ಅಂದ್ರ ಯಾವಾಗ್ಲೂ ರೋಗಿಯ ಬಲ, ಡಾಕ್ಟರದಲ್ಲ, ನರ್ಸ್ ಅಕ್ಕೋರದಲ್ಲ, ಕಣ್ಣಿಗೆ ಹನಿ ಹಾಕೋ ಸೊಸಿದಲ್ಲ. ಅಜ್ಜಿಗೆ ಪೊರಿ ಆಪರೇಶನ್ ಆಗಿ ಮನಿಗಿ ಬಂದಾಳ, ಡಾಕ್ಟರ್ "ಬಲಗಣ್ಣಿಗೆ ದಿನಕ್ಕ ನಾಕು ಸಲ" ಅಂದಾರ, ಅಜ್ಜಿ ಅಂಗಾತ ಮಲಗ್ಯಾಳ, ಹನಿ ಹಾಕೋರು ಎದುರಿಗಿ ನಿಂತು ಬಗ್ಗಿ ನೋಡಾಕತ್ಯಾರ, ಅವರ ಬಲಗೈ ಕಡಿ ಕಾಣೋದು ಅಜ್ಜಿಯ ಎಡಗಣ್ಣು. ಅಜ್ಜಿಯ ತಲಿ ಹಿಂದ ಕುಂತು ಹಾಕ್ರಿ, ಆವಾಗ ನಿಮ್ಮ ಬಲ ಅಜ್ಜಿಯ ಬಲ ಒಂದೇ ಆಗ್ತದ. ಇಲ್ಲಾಂದ್ರ "ಅವ್ವಾ, ಉಣ್ಣೋ ಕೈ ಎತ್ತು" ಅನ್ರಿ, ಆ ಕೈ ಕಡಿ ಕಣ್ಣು. ಚೀಟಿ ಮ್ಯಾಲ ಓಡಿ (OD) ಅಂತ ಇದ್ರ ಬಲಗಣ್ಣು, ಓಎಸ್ (OS) ಅಂದ್ರ ಎಡಗಣ್ಣು, ಆದ್ರ ಗುಳಿಗಿ ಹೆಸರಿನ ಮುಂದ ಅದೇ ಓಡಿ ಬಂದ್ರ ದಿನಕ್ಕ ಒಂದು ಸಲ ಅಂತ, ಅನುಮಾನ ಬಂದ್ರ ಮೆಡಿಕಲ್ ಅಂಗಡಿಯೋರನ್ನ ಕೇಳ್ರಿ, ಊಹೆ ಮಾಡಬ್ಯಾಡ್ರಿ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡೋವಾಗಲೂ ರೋಗಿ ನಿಮ್ಮ ಎದುರಿಗಿ ಮುಖ ಮಾಡಿ ನಿಂತಂಗ ಹಿಡೀಬೇಕು, ಅದರ ಮೂಲಿಯೊಳಗ ಆರ್ ಅಥವಾ ಎಲ್ ಅಂತ ಗುರುತು ಇರ್ತದ, ರೋಗಿಯ ಬಲ ನಿಮ್ಮ ಎಡಗೈ ಕಡಿ ಬರ್ತದ. ಆಪರೇಶನಿಗಿ ಮೊದಲು ಯಾವ ಕಾಲು ಯಾವ ಕಣ್ಣು ಅಂತ ಪೆನ್ನಿಲೆ ಗುರುತು ಹಾಕ್ತಾರಲ, ರೋಗಿ ಎಚ್ಚರ ಇದ್ದಾಗಲೇ ಕೇಳಿ ಹಾಕ್ತಾರ, ಹಾಕಲಿಲ್ಲಂದ್ರ ನೀವೇ ಕೇಳ್ರಿ. ಟೇಲರಿಂದೂ ಇದೇ, "ಬಲಗಡಿ ಕಿಸೆ" ಅಂದ್ರ ತೊಟ್ಟೋರ ಬಲ.

ಉಳದದ್ದು ಮೊಬೈಲ್ ಮ್ಯಾಪು. ಇದರಾಗೂ ಅದೇ ಎರಡು ಉಪಾಯ ಅವ, ಮ್ಯಾಪು ಉತ್ತರ ಮ್ಯಾಲ ಇಟ್ಟು ನಿಂತೇ ಇರೋದು ಒಂದು, ನೀವು ಹೊಳ್ಳಿದಂಗ ಮ್ಯಾಪೂ ಹೊಳ್ಳೋದು ಒಂದು. ಗಾಡಿ ಹೊಡ್ಯಾಕ ಎರಡನೇದು ಬೇಕು, ಸ್ಕ್ರೀನಿನ ಬಲ ನಿಮ್ಮ ಬಲ ಒಂದೇ ಇರ್ತದ. ಮನ್ಯಾಗ ಕುಂತು ಯಾವ ದಾರಿ ಹಿಡೀಬೇಕು ಅಂತ ನೋಡೋರಿಗೆ ಉತ್ತರ ಮ್ಯಾಲ ಇರೋದೇ ಚಲೋ, ಇಲ್ಲಾಂದ್ರ ಊರು ತಲ್ಯಾಗ ಕೂಡಂಗಿಲ್ಲ, ಹತ್ತು ಸಲ ಹೋದ್ರೂ ದಾರಿ ಬರಂಗಿಲ್ಲ. ಇನ್ನ ಬಸ್ ಸ್ಟ್ಯಾಂಡಿನ ಹೊರಗ ನಿಂತಕೂಡ್ಲೆ ಮ್ಯಾಪು ತಪ್ಪು ತೋರಿಸ್ತದ ಅಂತ ಬೈಯೋರು ಭಾಳ ಮಂದಿ. ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗ್ತದ, ಯಾವ ಕಡಿ ಮುಖ ಮಾಡೀರಿ ಅಂತ ನಿಂತಲ್ಲಿ ಗೊತ್ತಾಗಂಗಿಲ್ಲ, ಅದಕ್ಕ ಫೋನು ಒಳಗಿನ ದಿಕ್ಸೂಚಿ ನೋಡ್ತದ, ಆ ದಿಕ್ಸೂಚಿ ಬಸ್ಸು, ಕಬ್ಬಿಣದ ಗೇಟು, ಬೈಕಿನ ಟ್ಯಾಂಕು ಹತ್ರ ಇದ್ರ ಹಾದಿ ತಪ್ತದ. ಹತ್ತಿಪ್ಪತ್ತು ಹೆಜ್ಜಿ ಯಾವ ಕಡಿಯಾದ್ರೂ ನಡೀರಿ, ಬಾಣ ತಾನೇ ಸರಿ ಆಗ್ತದ. ಅಲ್ಲೀ ತನಕ ಅದು ಹೇಳೋ ಬಲ ನಂಬಬ್ಯಾಡ್ರಿ.

ಲೊಕೇಶನ್ ಕಳಿಸಿದ್ರ ಎಲ್ಲಾ ಮುಗೀತು ಅನ್ನೋದೂ ಸುಳ್ಳು. ಹಳೇ ಓಣಿಗೋಳಾಗ ಪಿನ್ನು ಒಮ್ಮೊಮ್ಮೆ ಹಿಂದಿನ ಗಲ್ಲಿಗೆ ಬಿದ್ದಿರ್ತದ, ಪಾರ್ಸೆಲ್ ತಂದ ಹುಡುಗ ಕಾಂಪೌಂಡಿನ ಆ ಕಡಿ ನಿಂತು "ಅಣ್ಣಾ, ಬಂದೀನಿ, ಯಾರೂ ಇಲ್ಲ" ಅಂತಾನ, ನೀವು ಗೇಟಿನ ಮುಂದ ನಿಂತು "ನಾನೂ ಹೊರಗೇ ಇದ್ದೀನಿ" ಅಂತೀರಿ. ಪಿನ್ನಿನ ಕೆಳಗ ಎರಡು ಸಾಲು ಟೈಪ್ ಮಾಡಿ ಇಟ್ಕೊಂಡಿರ್ರಿ, ಬೇಕಾದಾಗ ಕಾಪಿ ಮಾಡಿ ಒಗಿಯಾಕ ಬರ್ತದ: "ಮೇನ್ ರೋಡಿಗೆ ಬೆನ್ನು ಹಾಕಿ ಓಣಿ ಒಳಗ ಬರ್ರಿ. ನೀರಿನ ಟಾಕಿ ದಾಟಿದ ಮ್ಯಾಲ ನಿಮ್ಮ ಬಲಕ್ಕ ಮೂರನೇ ಮನಿ, ಗೇಟು ಮೂಡಲ ಕಡಿ, ಹಸಿರು ಬಣ್ಣ."